ಮಕ್ಕಳ ಆಟವೂ ಜ್ಞಾಪಕಶಕ್ತಿಯೂ

(ಸಂಘದ ಸದಸ್ಯರ ಮತ್ತು ಪಾಲಕರ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಮಗೆ ಒಪ್ಪಿಸಿರುವ ವಿಷಯ ಮಕ್ಕಳ ವಿದ್ಯಾಭ್ಯಾಸ. ಈ ಮಾತು ಎತ್ತಿದೊಡನೆ ಫೀಜು, ಪುಸ್ತಕ, ಟ್ಯೂಷನ್, ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂಬ ಚರ್ಚೆ ಹುಟ್ಟುವುದು ವಾಡಿಕೆ. ಅದನ್ನೆಲ್ಲ ಇಂದು ಬದಿಗಿಟ್ಟು, ನಾವು ಯಾರೂ ವಿದ್ಯೆಯ ಲೆಕ್ಕಕ್ಕೆ ಸೇರಿಸದ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತೇವೆ. ಅದು ಮಕ್ಕಳ ಸಂಜೆಯ ಆಟ. ಓಡುವುದಕ್ಕೂ ಮಗ್ಗಿ ನೆನಪಿರುವುದಕ್ಕೂ ಏನು ನಂಟು ಎಂದು ತಾವು ನಗಬಹುದು. ನಾವೂ ಮೊದಲು ನಕ್ಕವರೇ.

ನಾವು ವೈದ್ಯರಲ್ಲ, ಪಂಡಿತರೂ ಅಲ್ಲ. ಓದಿದ್ದನ್ನೂ ಕಣ್ಣಾರೆ ಕಂಡದ್ದನ್ನೂ ಹೇಳುತ್ತೇವೆ. ತಪ್ಪಿದ್ದರೆ ಸಭೆಯಲ್ಲಿರುವ ಮಾಸ್ತರರು ತಿದ್ದಬೇಕು.

ಮೊದಲು ಕಂಡದ್ದು. ನಮ್ಮ ಬಳಗದ ಒಬ್ಬ ಅಡಿಗೆಯವರು, ಕುಂದಾಪುರದ ಕಡೆಯವರು, ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮಗನ ಕಬಡ್ಡಿಯನ್ನು ಬಿಡಿಸಿದರು. ಹುಡುಗ ದಡ್ಡನಲ್ಲ, ಜಾಣನೂ ಅಲ್ಲ, ನಡುವಿನವನು. ಸಂಜೆ ಐದರಿಂದ ಏಳೂವರೆಯವರೆಗೆ ಟ್ಯೂಷನ್ನಿಗೆ ಹಾಕಿದರು. ಅದಕ್ಕೆ ತಿಂಗಳ ಸಂಬಳದಲ್ಲಿ ಒಂದು ಪಾಲು ಹೋಯಿತು. ಆರು ತಿಂಗಳ ಪರೀಕ್ಷೆಯಲ್ಲಿ ಅಂಕಗಳು ಏರಲಿಲ್ಲ; ಗಣಿತದಲ್ಲಿ ಇಳಿದವು. ಆ ಅಡಿಗೆಯವರು ನಮ್ಮ ಹತ್ತಿರ ಬಂದು, “ಎಂತ ಮಾಡೂದು ಮಾರಾಯ್ರೆ, ಪುಸ್ತಕದ ಎದುರು ಕೂತ್ಕೊಂಡೇ ಇರ್ತಾನೆ, ತಲೆಗೆ ಮಾತ್ರ ಹೋಗುದಿಲ್ಲ” ಎಂದರು. ಆಮೇಲೆ ಮನೆಯಾಕೆಯ ಹಟಕ್ಕೆ ವಾರದಲ್ಲಿ ನಾಲ್ಕು ಸಂಜೆ ಆಟಕ್ಕೆ ಬಿಟ್ಟರು. ಅವನು ಶಾಲೆಗೇ ಮೊದಲಿಗನಾದನೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲಿದ್ದ ಅಂಕಗಳಿಗೆ ಮರಳಿ ಬಂದ, ಅಷ್ಟೆ. ಆದರೆ ಟ್ಯೂಷನ್ನಿನ ಹಣ ಉಳಿಯಿತು, ಮನೆಯಲ್ಲಿ ದಿನವೂ ಆಗುತ್ತಿದ್ದ ಜಗಳ ನಿಂತಿತು.

ಒಂದು ಮನೆಯ ಕಥೆಯಿಂದ ಶಾಸ್ತ್ರ ಹುಟ್ಟುವುದಿಲ್ಲ, ಬಲ್ಲೆವು. ಆದರೆ ಆ ತಂದೆ ಯಾಕೆ ಹಾಗೆ ಮಾಡಿದರೆಂಬುದು ನಮಗೆಲ್ಲ ಗೊತ್ತು, ಏಕೆಂದರೆ ನಾವೂ ಹಾಗೆಯೇ ಯೋಚಿಸುವವರು. ಒಲೆಯ ಮುಂದೆ ಹತ್ತು ಗಂಟೆ ನಿಂತವನಿಗೆ, ಗಿರಣಿಯ ಪಾಳಿ ಮುಗಿಸಿ ಹತ್ತಿಯ ಧೂಳು ಕೆಮ್ಮುತ್ತ ಮನೆಗೆ ಬಂದವನಿಗೆ, ಮೈ ದಣಿಸುವುದೆಂದರೆ ಬಡತನದ ಗುರುತು. ಓದಿದವನು ಕುರ್ಚಿಯ ಮೇಲೆ ಕುಳಿತಿರುತ್ತಾನೆ, ಓದದವನು ನಿಂತಿರುತ್ತಾನೆ. ಹೊಟೇಲಿನಲ್ಲಿ ದಿನಬೆಳಗಾದರೆ ಕಾಣುವ ನೋಟ ಇದೇ ತಾನೆ? ಆದ್ದರಿಂದ ನಮ್ಮ ಮಗ ಕುಳಿತುಕೊಳ್ಳಲಿ ಎಂದು ಆಸೆಪಡುತ್ತೇವೆ. ಅವನು ಕುಳಿತಷ್ಟೂ ವಿದ್ಯೆ ಹತ್ತುತ್ತದೆಂದು ನಂಬುತ್ತೇವೆ. ಆಸೆಯಲ್ಲಿ ದೋಷವಿಲ್ಲ. ಹತ್ತು ವರ್ಷದ ಮಗುವನ್ನು ದಿನವೆಲ್ಲ ಕೂಡಿಸಿದರೆ ವಿದ್ಯೆ ಹೆಚ್ಚು ಹತ್ತುತ್ತದೆಂಬ ಲೆಕ್ಕ ಮಾತ್ರ ತಪ್ಪು.

ನಮ್ಮ ಬಾಲ್ಯವನ್ನೇ ನೆನೆಯೋಣ. ಈ ಸಭೆಯಲ್ಲಿ ಕರಾವಳಿಯಿಂದ ಬಂದವರಿದ್ದಾರೆ. ಬೀದರ, ಕಲಬುರ್ಗಿ, ರಾಯಚೂರಿನ ಕಡೆಯಿಂದ ಬಂದವರೂ ಇದ್ದಾರೆ. ಎರಡು ಮೂರು ಮೈಲಿ ನಡೆದು ಸಾಲಿಗೆ ಹೋದವರು ಕೈ ಎತ್ತಿರಿ ಎಂದರೆ ಅರ್ಧ ಸಭೆ ಕೈ ಎತ್ತೀತು. ಹೊಳೆ ದಾಟಿ, ಗದ್ದೆಯ ಬದುವಿನ ಮೇಲೆ ಓಡಿ, ದಾರಿಯಲ್ಲಿ ಹುಣಸೆಕಾಯಿಗೆ ಕಲ್ಲು ಹೊಡೆದು ಹೋದೆವು. ಸಂಜೆ ಚಿಣ್ಣಿದಾಂಡು, ಲಗೋರಿ, ಹುತುತು. ಅದನ್ನು ಯಾರೂ ವ್ಯಾಯಾಮವೆಂದು ಕರೆಯಲಿಲ್ಲ, ಯಾರೂ ಲೆಕ್ಕ ಇಡಲಿಲ್ಲ. ಇಂದು ಹೈದರಾಬಾದಿನಲ್ಲಿ ನಮ್ಮ ಮಗು ಬೆಳಿಗ್ಗೆ ಎಂಟು ಹತ್ತು ಮಕ್ಕಳ ಜೊತೆ ಆಟೋದೊಳಗೆ ತುರುಕಿಕೊಂಡು ಶಾಲೆಗೆ ಹೋಗುತ್ತದೆ. ಶಾಲೆ ಒಂದು ಕಟ್ಟಡದ ಮೂರನೆಯ ಅಂತಸ್ತಿನಲ್ಲಿ. ಆಡುವ ಬಯಲೆಂದರೆ ಕೆಳಗೆ ಮೋಟಾರು ಸೈಕಲ್ಲು ನಿಲ್ಲಿಸುವ ಜಾಗ. ಮರಳಿ ಆಟೋ, ಆಮೇಲೆ ಟ್ಯೂಷನ್, ಆಮೇಲೆ ಒಂದೇ ಕೋಣೆಯ ಮನೆಯಲ್ಲಿ ಮೊಬೈಲು. ನಮ್ಮ ತಂದೆತಾಯಿಗಳು ಓದು ಬಾರದವರಾದರೂ ನಮಗೆ ಕೊಟ್ಟ ಒಂದು ಆಸ್ತಿಯನ್ನು ಓದು ಬಲ್ಲ ನಾವು ನಮ್ಮ ಮಕ್ಕಳಿಗೆ ಕೊಡುತ್ತಿಲ್ಲ. ಇದು ನಮ್ಮೂರಿನ ಪಾಡು ಮಾತ್ರವೇ ಆಗಿಲ್ಲ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಲೆಕ್ಕದಂತೆ ಜಗತ್ತಿನ 11ರಿಂದ 17 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಗೆ ಅಷ್ಟೂ ದೊರೆಯುತ್ತಿರಲಿಲ್ಲ.

ಇನ್ನು ಓದಿದ್ದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಈ ವಿಷಯವನ್ನು ಬಹುಕಾಲ ಶೋಧಿಸಿದರು. 2009ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗ ತೀರ ಸರಳವಾದುದು. ಒಂಬತ್ತು ಹತ್ತು ವಯಸ್ಸಿನ ಮಕ್ಕಳನ್ನು ಒಂದು ದಿನ ಸುಮ್ಮನೆ ಕೂಡಿಸಿ ಪರೀಕ್ಷಿಸಿದರು. ಇನ್ನೊಂದು ದಿನ ಯಂತ್ರದ ಪಟ್ಟಿಯ ಮೇಲೆ 20 ನಿಮಿಷ ಚುರುಕಾಗಿ ನಡೆಸಿ, ಎದೆಬಡಿತ ಇಳಿದ ಮೇಲೆ ಪರೀಕ್ಷಿಸಿದರು. ನಡೆದ ದಿನ ಮಕ್ಕಳ ಗಮನ ಹೆಚ್ಚು ನಿಂತಿತು. ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲಿ ಉತ್ತರಗಳು ಹೆಚ್ಚು ಸರಿಯಾದವು. ಬರೀ ಇಪ್ಪತ್ತು ನಿಮಿಷದ ನಡಿಗೆ! ಕಾಚಿಗೂಡದಿಂದ ಕೋಠಿಗೆ ನಡೆದಷ್ಟು.

ನೆನಪಿನ ವಿಷಯಕ್ಕೆ ಬರೋಣ. ಮನುಷ್ಯನ ಮಿದುಳಿನೊಳಗೆ ಎಡಕ್ಕೊಂದು ಬಲಕ್ಕೊಂದು, ಸಮುದ್ರಕುದುರೆಯಂತೆ ಬಾಗಿದ ಒಂದು ಭಾಗವಿದೆ. ಅದಕ್ಕೆ ಹಿಪ್ಪೊಕ್ಯಾಂಪಸ್ ಎಂದು ಹೆಸರು. ಸಮುದ್ರಕುದುರೆಯ ಗ್ರೀಕ್ ಹೆಸರೇ ಅದು. ಇಂದು ಕೇಳಿದ ಸಂಗತಿ ನಾಳೆಗೆ ಉಳಿಯಬೇಕಾದರೆ ಈ ಭಾಗ ಕೆಲಸ ಮಾಡಬೇಕು. ಹೊಟೇಲಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಯಾವ ಮೇಜಿಗೆ ಯಾರು ಏನು ಹೇಳಿದರೆಂಬುದನ್ನು ಜೋಡಿಸಿ ಇಟ್ಟುಕೊಳ್ಳುವ ಸಪ್ಲೈಯರ ಕೆಲಸ ಇದರದು. ಮೂರನೆಯ ಮೇಜಿಗೆ ಮಸಾಲೆ ದೋಸೆ, ಐದಕ್ಕೆ ಎರಡು ಕಾಫಿ, ಒಂದಕ್ಕೆ ಸಕ್ಕರೆ ಬೇಡ. ಈ ಜೋಡಣೆ ತಪ್ಪಿದರೆ ಗಲಾಟೆ. ಇಲಿನಾಯಿಯವರೇ 2010ರಲ್ಲಿ 49 ಮಕ್ಕಳ ಮಿದುಳಿನ ಚಿತ್ರ ತೆಗೆದು ನೋಡಿದರು. ಓಡಿದರೆ ಬೇಗ ಉಬ್ಬಸ ಬಾರದ, ಕಸುವುಳ್ಳ ಮಕ್ಕಳಲ್ಲಿ ಈ ಭಾಗ ಸ್ವಲ್ಪ ದೊಡ್ಡದಾಗಿತ್ತು, ಮತ್ತು ಒಂದನ್ನೊಂದಕ್ಕೆ ಜೋಡಿಸಿ ನೆನಪಿಡುವ ಪರೀಕ್ಷೆಯಲ್ಲಿ ಅವರೇ ಮುಂದಿದ್ದರು. 2013ರ ಇನ್ನೊಂದು ಪ್ರಯೋಗದಲ್ಲಿ 48 ಮಕ್ಕಳಿಗೆ ಇಲ್ಲದ ದೇಶದ ನಕ್ಷೆ ಕೊಟ್ಟು ಪ್ರದೇಶಗಳ ಹೆಸರು ಕಲಿಸಿದರು. ಮರುದಿನ ಕೇಳಿದಾಗ ಕಸುವುಳ್ಳ ಮಕ್ಕಳು ಹೆಚ್ಚು ಹೆಸರು ಹೇಳಿದರು. ಅದರಲ್ಲೂ, ನಡುನಡುವೆ ಪ್ರಶ್ನೆ ಕೇಳದೆ ಬರೀ ನೋಡಿ ಕಲಿಯಬೇಕಾದಾಗ, ಅಂದರೆ ಕಲಿಕೆ ಕಷ್ಟವಾದಾಗ, ಅಂತರ ಹೆಚ್ಚಾಗಿ ಕಂಡಿತು. ನಮ್ಮ ಮಕ್ಕಳು ಭೂಗೋಳ ಕಲಿಯುವುದು ಬಹುಮಟ್ಟಿಗೆ ಆ ಕಷ್ಟದ ರೀತಿಯಲ್ಲೇ.

ಇದು ಹೇಗೆ ನಡೆಯುತ್ತದೆ? ಮಿದುಳು ದೊಡ್ಡವರ ಮೈತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟು; ಆದರೆ ಮೈ ಸುಮ್ಮನಿರುವಾಗ ಖರ್ಚಾಗುವ ಶಕ್ತಿಯಲ್ಲಿ ಐದನೆಯ ಒಂದು ಪಾಲು ಅದಕ್ಕೇ ಬೇಕು. ಓಡಿದಾಗ ಎದೆ ಬಡಿದು ರಕ್ತದ ಸಂಚಾರ ಹೆಚ್ಚುತ್ತದೆ. ಅದರ ಜೊತೆಗೆ ಮೈಯಲ್ಲಿ ಬಿ.ಡಿ.ಎನ್.ಎಫ್. ಎಂಬ ಒಂದು ಪ್ರೋಟೀನು ಹೆಚ್ಚುತ್ತದೆ. ನರಗಳ ಕಣಗಳು ಬಾಳುವುದಕ್ಕೂ ಹೊಸ ಕೊಂಡಿ ಹಾಕಿಕೊಳ್ಳುವುದಕ್ಕೂ ಅದು ಗೊಬ್ಬರವಿದ್ದಂತೆ. ಕಲಿಯುವುದೆಂದರೆ ಆ ಕೊಂಡಿಗಳು ಗಟ್ಟಿಯಾಗುವುದೇ. ಹೊಲಕ್ಕೆ ಗೊಬ್ಬರ ಹಾಕಿದ ಮಾತ್ರಕ್ಕೆ ಜೋಳ ಬೆಳೆಯದು, ಬಿತ್ತಲೂ ಬೇಕು. ಆಟವಾಡಿ ಪುಸ್ತಕ ತೆರೆಯದ ಹುಡುಗನಿಗೆ ಯಾವ ಪ್ರೋಟೀನೂ ಉತ್ತರ ಬರೆದುಕೊಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೀಗೆ ಕಿವಿ ಹಿಡಿದು ಬಸ್ಕಿ ತೆಗೆದರೆ ಬುದ್ಧಿ ಹರಿತವಾಗುತ್ತದೆ, ಆ ಪುಡಿ ತಿಂದರೆ ಜ್ಞಾಪಕ ಇಮ್ಮಡಿಯಾಗುತ್ತದೆ ಎಂದು ಮೊಬೈಲಿನಲ್ಲಿ ಬರುವುದನ್ನೆಲ್ಲ ನಂಬಬೇಡಿರಿ. ವಿಜ್ಞಾನದವರು ಹೇಳುವುದು ಅಳತೆಯ ಮಾತು. ನಾರ್ವೆ ದೇಶದಲ್ಲಿ 2014-15ರಲ್ಲಿ 57 ಶಾಲೆಗಳ 1,129 ಮಕ್ಕಳನ್ನು ತೆಗೆದುಕೊಂಡು, ಅರ್ಧದಷ್ಟು ಶಾಲೆಗಳಲ್ಲಿ ಏಳು ತಿಂಗಳು ಹೆಚ್ಚಿನ ಆಟ ಓಟ ಮಾಡಿಸಿದರು. ಒಟ್ಟಿನಲ್ಲಿ ನೋಡಿದಾಗ ಎರಡು ಗುಂಪಿನ ಅಂಕಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ನಮ್ಮ ಭಾಷಣವನ್ನು ಇಲ್ಲಿಗೇ ಮುಗಿಸಬೇಕಾಗಿತ್ತು. ಆದರೆ ಆರಂಭದಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಹಿಂದಿದ್ದ ಮಕ್ಕಳನ್ನು ಬೇರೆಯಾಗಿ ನೋಡಿದಾಗ, ಆಡಿದವರು ಆಡದವರಿಗಿಂತ ಮುಂದೆ ಬಂದಿದ್ದರು. ಸೋದರರೆ, ಇದನ್ನು ನಾವು ಎರಡು ಸಲ ಓದಿದೆವು. ನಮ್ಮ ಶಾಲೆಗಳಲ್ಲಿ ಮೊದಲು ಆಟ ಬಿಡಿಸುವುದು ಯಾರಿಗೆ? ಹಿಂದುಳಿದ ಹುಡುಗನಿಗೇ. “ನಿನಗೆ ಲೆಕ್ಕ ಬರುವುದಿಲ್ಲ, ಒಳಗೆ ಕೂತು ಬರಿ” ಎಂದು ಬಯಲಿಗೆ ಹೋಗುವ ಸಾಲಿನಿಂದ ಅವನನ್ನೇ ಎಳೆಯುತ್ತಾರೆ. ಆಟದಿಂದ ಯಾರಿಗೆ ಹೆಚ್ಚು ಲಾಭವಾದೀತೋ ಅವನಿಂದಲೇ ಅದನ್ನು ಕಸಿಯುತ್ತೇವೆ.

ಆಟಕ್ಕೆ ಹೊತ್ತು ಕೊಟ್ಟರೆ ಪಾಠ ಹಾಳಾಗದೆ? ಈ ಭಯಕ್ಕೆ ಕೆನಡಾ ದೇಶದ ತ್ರುವಾ-ರಿವಿಯೇರ್ ಎಂಬ ಊರಿನಲ್ಲಿ 1970ರಿಂದ 1977ರವರೆಗೆ ಪರೀಕ್ಷೆ ನಡೆಯಿತು. ಪ್ರಾಥಮಿಕ ಶಾಲೆಯ 546 ಮಕ್ಕಳಲ್ಲಿ ಒಂದು ಗುಂಪಿಗೆ ಪಾಠದ ಅವಧಿಯನ್ನೇ ಕಡಿದು ದಿನಕ್ಕೆ ಒಂದು ಗಂಟೆ ವ್ಯಾಯಾಮ ಮಾಡಿಸಿದರು. ಪಾಠದ ಹೊತ್ತು ಕಡಿಮೆಯಾದರೂ ಆ ಮಕ್ಕಳ ಅಂಕ ಇಳಿಯಲಿಲ್ಲ. ಬದಲಿಗೆ ತುಸು ಮುಂದೆ ಹೋದರು. ಇಲಿನಾಯಿಯಲ್ಲಿ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ, ಶಾಲೆ ಬಿಟ್ಟ ಮೇಲೆ ಒಂಬತ್ತು ತಿಂಗಳು ಆಡಿದ ಮಕ್ಕಳು ಮನಸ್ಸನ್ನು ಹಿಡಿದಿಡುವುದರಲ್ಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಬುದ್ಧಿ ತಿರುಗಿಸುವುದರಲ್ಲಿ ಉಳಿದವರಿಗಿಂತ ಹೆಚ್ಚು ಸುಧಾರಿಸಿದರು. ಅಲ್ಲಿದ್ದವರು 221 ಮಕ್ಕಳು. ಆಟಕ್ಕೆ ಹೆಚ್ಚು ದಿನ ಬಂದವರಿಗೆ ಹೆಚ್ಚು ಲಾಭ.

ಪರದೇಶದ ಮಾತು ಸಾಕು. ಈ ನಗರದ ಮಾತೇ ಒಂದಿದೆ. ನಮ್ಮ ನೃಪತುಂಗ ಶಾಲೆಯೂ ಸಾಹಿತ್ಯ ಮಂದಿರವೂ ಇರುವ ಇದೇ ಕಾಚಿಗೂಡದ ಮಾಧ್ಯಮಿಕ ಶಾಲೆಯಲ್ಲಿ ಹಿಂದೆ ಒಬ್ಬ ಮಾಸ್ತರರಿದ್ದರು. ಅವರು ಸಯ್ಯದ್ ಅಬ್ದುಲ್ ರಹೀಮರು. ಉಸ್ಮಾನಿಯಾದಲ್ಲಿ ಓದಿ, ಶಾಲಾಮಾಸ್ತರರಾಗಿ, ಆಮೇಲೆ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದು, ದಾರುಲ್ ಉಲೂಮ್ ಮತ್ತು ಚಾದರಘಾಟ್ ಶಾಲೆಗಳಲ್ಲಿ ಆಟಪಾಟಗಳ ಹೊಣೆ ಹೊತ್ತರು. ಇದೇ ರಹೀಮ್ ಸಾಹೇಬರು ಭಾರತದ ಫುಟ್‌ಬಾಲ್ ತಂಡಕ್ಕೆ ಗುರುಗಳಾಗಿ, 1951ರಲ್ಲಿ ದಿಲ್ಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಏಷ್ಯಾ ಕ್ರೀಡೆಗಳ ಚಿನ್ನ ಗೆಲ್ಲಿಸಿದರು; 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಮ್ಮವರು ನಾಲ್ಕನೆಯವರಾದರು. ಜಕಾರ್ತದ ಮರುವರ್ಷವೇ ಅವರು ತೀರಿಕೊಂಡರು. ಅವರ ಹೆಸರು ಇಲ್ಲಿ ಎತ್ತಲು ಕಾರಣ ಪದಕಗಳಲ್ಲ. ಪಾಠ ಹೇಳುವವರೂ ಆಟ ಕಲಿಸುವವರೂ ಒಬ್ಬರೇ ಆಗಿರುವುದು ಸಾಧ್ಯವಿತ್ತು, ಅದರಲ್ಲಿ ಯಾರಿಗೂ ಅಪಮಾನ ಕಾಣಲಿಲ್ಲ. ಈಗ ಅನೇಕ ಶಾಲೆಗಳಲ್ಲಿ ವ್ಯಾಯಾಮದ ಮಾಸ್ತರರ ಹುದ್ದೆಯೇ ಇಲ್ಲ. ಇದ್ದರೂ ಅವರ ಕೆಲಸ ಸಾಲು ನಿಲ್ಲಿಸುವುದು, ಗದ್ದಲ ಅಡಗಿಸುವುದು. ವೇಳಾಪಟ್ಟಿಯಲ್ಲಿ ಬರೆದ ಆಟದ ಅವಧಿಯನ್ನು ಪರೀಕ್ಷೆ ಹತ್ತಿರ ಬಂದೊಡನೆ ಗಣಿತದವರು ಕೇಳಿ ಪಡೆಯುತ್ತಾರೆ. ಇನ್ನೊಂದು ವಿಚಿತ್ರವೆಂದರೆ ನಾವು ವ್ಯಾಯಾಮವನ್ನು ಶಿಕ್ಷೆಯಾಗಿ ಬಳಸುತ್ತೇವೆ. ಪಾಠ ಒಪ್ಪಿಸದಿದ್ದರೆ ಇಪ್ಪತ್ತು ಬಸ್ಕಿ, ತಡವಾಗಿ ಬಂದರೆ ಬಯಲಿಗೆ ಎರಡು ಸುತ್ತು. ಮಗುವಿನ ಮನಸ್ಸಿನಲ್ಲಿ ಓಟವೆಂದರೆ ದಂಡ ಎಂದು ಕೂತುಬಿಟ್ಟರೆ ಅದಕ್ಕೆ ಓಡುವ ಆಸೆ ಎಲ್ಲಿಂದ ಬಂದೀತು?

ಇಲ್ಲಿ ಒಬ್ಬ ತಾಯಿ ಕೇಳಬಹುದು: ನಮ್ಮ ಹುಡುಗ ಬೆಳಿಗ್ಗೆ ಹಾಲಿನ ಪ್ಯಾಕೆಟು ಹಂಚುತ್ತಾನೆ, ಹುಡುಗಿ ನೀರು ಹೊತ್ತು ಪಾತ್ರೆ ತಿಕ್ಕುತ್ತಾಳೆ, ಅದು ವ್ಯಾಯಾಮವಾಗಲಿಲ್ಲವೆ? ಮೈ ದಣಿಯುತ್ತದೆ, ನಿಜ. ಆದರೆ ದುಡಿಮೆ ಬೇರೆ, ಆಟ ಬೇರೆ. ದುಡಿಮೆಯಲ್ಲಿ ಅದೇ ಕೈ ಅದೇ ಕೆಲಸ ಮಾಡುತ್ತದೆ. ನಿಲ್ಲಿಸುವ ಸ್ವಾತಂತ್ರ್ಯ ಮಗುವಿಗಿಲ್ಲ. ನಿದ್ದೆಯ ಹೊತ್ತನ್ನು ಅದು ತಿನ್ನುತ್ತದೆ. ಲಗೋರಿ ಆಡುವಾಗ ಮಗು ಚೆಂಡಿನ ಮೇಲೆ ಕಣ್ಣಿಡಬೇಕು, ಯಾರು ಎಲ್ಲಿದ್ದಾರೆಂದು ನೆನಪಿಡಬೇಕು, ಓಡಬೇಕೋ ನಿಲ್ಲಬೇಕೋ ಕ್ಷಣದಲ್ಲಿ ತೀರ್ಮಾನಿಸಬೇಕು. ಅಲ್ಲಿ ಮೈಯೂ ಬುದ್ಧಿಯೂ ಒಟ್ಟಿಗೆ ಕೆಲಸ ಮಾಡುತ್ತವೆ. ಮಕ್ಕಳನ್ನು ಹೊಟೇಲಿನ ಕೆಲಸಕ್ಕೆ ಇಡುವುದನ್ನು ಸರಕಾರ 2006ರ ಅಕ್ಟೋಬರಿನಲ್ಲಿಯೇ ನಿಷೇಧಿಸಿದೆ. ಚಿಕ್ಕ ವಯಸ್ಸಿನಲ್ಲೇ ಲೋಟ ತೊಳೆಯುತ್ತ ಬೆಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸಿದ ಹಿರಿಯರು ನಮ್ಮಲ್ಲಿ ಇದ್ದಾರೆ. ಮೈ ದಣಿದರೆ ಜ್ಞಾಪಕ ಬೆಳೆಯುವುದಾದರೆ ಅವರೆಲ್ಲ ಪಂಡಿತರಾಗಬೇಕಿತ್ತು.

ಹೆಣ್ಣುಮಕ್ಕಳ ಮಾತು ಬಂದುದರಿಂದ ಒಂದು ನಿಷ್ಠುರ ನುಡಿ. ಹತ್ತು ಹನ್ನೆರಡು ವಯಸ್ಸಿನವರೆಗೆ ಅಣ್ಣನ ಜೊತೆ ಓಡುತ್ತಿದ್ದ ಹುಡುಗಿಯನ್ನು ಒಂದು ದಿನ ಇದ್ದಕ್ಕಿದ್ದಂತೆ ಒಳಗೆ ಕೂಡಿಸುತ್ತೇವೆ. ಗಲ್ಲಿಯ ಭಯ ನಮಗೂ ಗೊತ್ತು. ಆದರೆ ಅವಳಿಗೂ ಅದೇ ಹತ್ತನೆಯ ತರಗತಿಯ ಪರೀಕ್ಷೆ, ಅವಳಿಗೂ ಅದೇ ಮಿದುಳು. ಗಲ್ಲಿಯಲ್ಲಿ ಬಿಡಲು ಮನಸ್ಸಿಲ್ಲದಿದ್ದರೆ ಮಾಳಿಗೆಯ ಮೇಲೆ ಹಗ್ಗದಾಟ, ಕುಂಟೆಬಿಲ್ಲೆ ಆಡಲಿ. ನಾಲ್ಕು ಮನೆಯ ತಾಯಂದಿರು ಸೇರಿ ಕರೆದುಕೊಂಡು ಹೋಗಲಿ.

ಹೊಟ್ಟೆಗೆ ಇಲ್ಲದ ಮಗುವನ್ನು ಓಡಿಸಬಾರದು ಎಂಬುದನ್ನೂ ಹೇಳಬೇಕು. ನಮ್ಮ ನಗರದ ತಾರ್ನಾಕಾದಲ್ಲಿ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ಆರಂಭವಾದ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ರಕ್ತಹೀನತೆಯ ವಿಷಯದಲ್ಲಿ ಅಲ್ಲಿನವರು ಬಹಳ ಕೆಲಸ ಮಾಡಿದ್ದಾರೆ. ಕಬ್ಬಿಣಾಂಶ ಕಡಿಮೆಯಾದ ಮಗು ಬೇಗ ಸೋಲುತ್ತದೆ, ತರಗತಿಯಲ್ಲಿ ಗಮನ ನಿಲ್ಲುವುದಿಲ್ಲ. ಅದನ್ನು ಸೋಮಾರಿಯೆಂದು ಬಯ್ಯುತ್ತೇವೆ. ನಮ್ಮ ಮನೆಗಳಲ್ಲಿ ಒಂದು ಚಟವಿದೆ, ಊಟ ತಿಂಡಿಯ ಜೊತೆಗೇ ಮಕ್ಕಳಿಗೆ ಚಹಾ ಕೊಡುವುದು. ಚಹಾ ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಅದರ ಬದಲು ಸೊಪ್ಪಿನ ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಹೆಚ್ಚು ಹತ್ತುತ್ತದೆ. ನಿದ್ದೆಯೂ ಹಾಗೆಯೇ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಹೊಟೇಲು ಮುಚ್ಚಿ ನಾವು ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಅಪ್ಪ ಬರಲಿ ಎಂದು ಮಗು ಎಚ್ಚರವಿರುತ್ತದೆ. ಪ್ರೀತಿಯ ಮಾತು ನಿಜ, ಆದರೆ ಮಲಗಿಸಿಬಿಡಿರಿ. ಭಾನುವಾರ ಇದ್ದೇ ಇದೆ.

ದೊಡ್ಡವರಿಗೂ ಒಂದು ಸಮಾಧಾನವಿದೆ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ 55ರಿಂದ 80 ವಯಸ್ಸಿನ 120 ಮಂದಿ ಭಾಗವಹಿಸಿದರು. ಅರ್ಧ ಮಂದಿ ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಚುರುಕಾಗಿ ನಡೆದರು. ವರ್ಷ ಕಳೆದಾಗ ಅವರ ಮಿದುಳಿನ ಆ ಸಮುದ್ರಕುದುರೆಯ ಭಾಗ ನೂರಕ್ಕೆ ಎರಡರಷ್ಟು ಬೆಳೆದಿತ್ತು. ಬರೀ ಮೈಚಾಚುವ ಕಸರತ್ತು ಮಾಡಿದವರಲ್ಲಿ ಕುಗ್ಗಿತ್ತು. ಆದ್ದರಿಂದ ಮಗುವಿನ ಜೊತೆ ನಡೆದ ಅಜ್ಜನಿಗೂ ನಷ್ಟವಿಲ್ಲ.

ಈಗ ಮಾಡಬೇಕಾದ ಕೆಲಸ. ಪ್ರತಿ ಶಾಲೆಗೂ ಆಟದ ಬಯಲು ಇರತಕ್ಕದ್ದೆಂದು 2009ರ ಶಿಕ್ಷಣ ಹಕ್ಕಿನ ಕಾನೂನಿನ ಪಟ್ಟಿಯಲ್ಲೇ ಬರೆದಿದೆ. ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ ವೇಳಾಪಟ್ಟಿಯನ್ನೂ ಕೇಳಿ ನೋಡಿರಿ. ಆಟದ ಅವಧಿಯಲ್ಲಿ ನಿಜವಾಗಿ ಏನು ನಡೆಯುತ್ತದೆಂದು ಮಾಸ್ತರರನ್ನು ಗೌರವದಿಂದಲೇ ವಿಚಾರಿಸಿರಿ. ಜಗಳಕ್ಕೆ ಹೋಗಬೇಡಿರಿ. ಒಬ್ಬರು ಕೇಳಿದರೆ ಮರೆಯುತ್ತಾರೆ, ಇಪ್ಪತ್ತು ಮಂದಿ ಕೇಳಿದರೆ ಬರೆದುಕೊಳ್ಳುತ್ತಾರೆ. ಸಂಘದಲ್ಲಿರುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಟ್ಯೂಷನ್ ಅಗತ್ಯವಿದ್ದರೆ ಹಾಕಿರಿ, ಆದರೆ ಆಟವಾದ ಮೇಲೆ, ಮುಖ ತೊಳೆದು ಏನಾದರೂ ತಿಂದ ಮೇಲೆ. ಮಾರ್ಚಿಯ ನಡುವಿನಿಂದ ಒಪ್ಪೊತ್ತಿನ ಶಾಲೆ ಆರಂಭವಾಗುತ್ತದೆ. ಆ ಬಿಸಿಲಿನಲ್ಲಿ ಮಧ್ಯಾಹ್ನ ಬಿಡಬೇಡಿರಿ, ಬಿಸಿಲು ತಣಿದ ಮೇಲೆ ಬಿಡಿರಿ. ವಾಹನಗಳ ಹೊಗೆಯ ರಸ್ತೆಯೂ ಬೇಡ.

ನಮ್ಮಲ್ಲಿ ಬಹುಮಂದಿಗೆ ಸಂಜೆ ಬಿಡುವಿಲ್ಲ, ಬೆಳಿಗ್ಗೆ ಐದಕ್ಕೇ ಒಲೆ ಹೊತ್ತಿಸಬೇಕಾದವರೂ ಇದ್ದಾರೆ. ಆದ್ದರಿಂದ ಪಾಳಿಯ ಪ್ರಕಾರ ಹಂಚಿಕೊಳ್ಳುವ ಒಂದು ಸೂಚನೆಯನ್ನು ಸಭೆಯ ಮುಂದಿಡುತ್ತೇವೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಪಬ್ಲಿಕ್ ಗಾರ್ಡನ್ಸಿನ ಬಾಗಿಲಲ್ಲಿ ಮಕ್ಕಳು ಸೇರಲಿ. ಆ ವಾರ ಬೆಳಗಿನ ಪಾಳಿಯಿಲ್ಲದ ಇಬ್ಬರು ತಂದೆಯರೂ ಇಬ್ಬರು ತಾಯಂದಿರೂ ಅವರ ಜೊತೆ ಇರಲಿ. ಹೆಸರು ಬರೆಯುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಚೆಂಡು ಒಬ್ಬರು ಕೊಡುವೆನೆಂದಿದ್ದಾರೆ. ಲಗೋರಿಗೆ ಬೇಕಾದ ಏಳು ಬಿಲ್ಲೆಕಲ್ಲುಗಳನ್ನು ಹುಡುಕಿ ತರುವ ಹೊಣೆ ನಮ್ಮದು.